ಮಗು ಮಾತಾಡುವ ಭಾಷೆಯಲ್ಲೇ ಗೊಂಬೆಯೂ ಮಾತಾಡಲಿ

(ಗಡಿನಾಡ ಕನ್ನಡ ಯುವಜನರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)

ಮಂಜೇಶ್ವರ, ಕಾಸರಗೋಡಿನವರು ಹೇಗೂ ಇದ್ದೀರಿ. ತಾಳವಾಡಿಯಿಂದ, ಹೊಸೂರಿನಿಂದ, ಅಷ್ಟು ದೂರದ ಅಕ್ಕಲಕೋಟೆಯಿಂದ ಬಂದವರೂ ಇದ್ದೀರಿ. ಹಾಗಾಗಿ ನನ್ನ ಕರಾವಳಿ ಕನ್ನಡ ಎಲ್ಲಾದರೂ ಅರ್ಥ ಆಗದಿದ್ದರೆ ಅಲ್ಲೇ ಕೈ ಎತ್ತಿ, ನಿಲ್ಲಿಸ್ತೇನೆ.

ಬ್ಯಾಂಕಿನ ಕ್ಲರ್ಕಿಗೆ ಗೊಂಬೆಯಾಟದ ಉಸಾಬರಿ ಎಂತಕ್ಕೆ ಅಂತ ಕೆಲವರಿಗೆ ಅನ್ನಿಸಬಹುದು. ಕೌಂಟರಿನಲ್ಲಿ ಕೂತವನಿಗೆ ಒಂದು ಸಂಗತಿ ದಿನಾ ಕಾಣ್ತದೆ. ಹೊರಗೆ ಬೆಂಚಿನ ಮೇಲೆ ಕೂತು ಊರಿನ ಸುದ್ದಿಯನ್ನೆಲ್ಲ ಹೇಳುವ ಅಜ್ಜಿ, ತನಗೆ ಬಾರದ ಭಾಷೆಯ ಫಾರಂ ಕೈಗೆ ಬಂದ ಕೂಡಲೇ ಮಾತು ನಿಲ್ಲಿಸ್ತಾರೆ. ಹಣ ಅವರದ್ದೇ, ಖಾತೆ ಅವರದ್ದೇ. ಆದರೂ ಬಾಯಿ ಕಟ್ಟಿ ಹೋಗ್ತದೆ. ಎಪ್ಪತ್ತು ವರ್ಷದವರ ಕತೆಯೇ ಹೀಗಾದರೆ, ನಾಚಿಕೆ ಆಗುವಂಥ, ಹೆದರಿಸಿ ಮುಚ್ಚಿಟ್ಟಂಥ ವಿಷಯವನ್ನು ಐದು ವರ್ಷದ ಮಗು ಬಾರದ ಭಾಷೆಯಲ್ಲಿ ಹೇಗೆ ಹೇಳ್ತದೆ? ನಾನು ಇವತ್ತು ಹೇಳ್ಲಿಕ್ಕೆ ಬಂದದ್ದು ಇಷ್ಟೇ ವಿಷಯ.

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ 13 ರಾಜ್ಯಗಳ ಅಧ್ಯಯನ ಪ್ರಕಟಿಸಿತು. ಮಾತಾಡಿಸಿದ ಮಕ್ಕಳಲ್ಲಿ ಶೇಕಡಾ 53ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಂಡುಮಕ್ಕಳು. "ನಮಗಿರುವುದು ಗಂಡು ಮಗು, ನಮಗೆಂತ ಚಿಂತೆ" ಅನ್ನುವವರು ಇದನ್ನು ಎರಡು ಸಲ ಓದಬೇಕು. ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಮತ್ತೆ, ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ಕಾರಣ ಹಲವು. ಹೆದರಿಕೆ, ನಾಚಿಕೆ, ಅಪ್ಪ ಅಮ್ಮ ಬೈತಾರೆ ಎಂಬ ಭಯ. ಅವುಗಳ ಜೊತೆಗೆ ಶಬ್ದವೇ ಇಲ್ಲದಿರುವುದೂ ಒಂದು. ನಮ್ಮ ಮನೆಗಳಲ್ಲಿ ಕಣ್ಣು, ಮೂಗು, ಹೊಟ್ಟೆ ಅಂತ ಕಲಿಸ್ತಾ ಕಲಿಸ್ತಾ ಸೊಂಟದ ಕೆಳಗೆ ಬಂದ ಕೂಡಲೇ "ಛೀ", "ಶೇಮ್ ಶೇಮ್" ಅಂತೇವೆ. ಆ ಜಾಗಕ್ಕೆ ಮಗು ಕಲಿತ ಹೆಸರೇ "ಛೀ". ಆಮೇಲೆ ಶಾಲೆಯಲ್ಲಿ ಯಾರೋ ಬಂದು "ಗುಡ್ ಟಚ್, ಬ್ಯಾಡ್ ಟಚ್" ಅಂತಾರೆ. ನಮ್ಮ ಗಡಿ ಶಾಲೆಗಳಲ್ಲಿ ಅದರ ವಿವರಣೆ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಬಂದರೆ ಮಗು ತಲೆ ಆಡಿಸ್ತದೆ, ಅಷ್ಟೇ.

ಹಾಗಂತ ಕನ್ನಡಕ್ಕೆ ತಿರುಗಿಸಿದರೆ ಮುಗಿಯಿತು ಅಂತಲೂ ಅಲ್ಲ. "ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ" ಅಂತ ಬರೆದರೆ ಅಂಗನವಾಡಿ ಮಗುವಿಗೆ "ಸ್ಪರ್ಶ" ಅಂದರೆ ಎಂತ ಅಂತ ಗೊತ್ತಿಲ್ಲ. "ಕೆಟ್ಟ ಮುಟ್ಟು" ಅಂದಿರೋ, ಹಿಂದೆ ಕೂತ ಅಮ್ಮಂದಿರು ಸೆರಗು ಬಾಯಿಗೆ ಅಡ್ಡ ಇಟ್ಟು ನಗ್ತಾರೆ, ಯಾಕೆ ಅಂತ ನಿಮಗೆ ಗೊತ್ತು. ಅದಲ್ಲದೆ ಒಳ್ಳೆಯದು, ಕೆಟ್ಟದ್ದು ಎಂಬ ಭಾಗವೇ ಮಕ್ಕಳಿಗೆ ಗೊಂದಲ. ಇಂಜೆಕ್ಷನ್ ಚುಚ್ಚುವ ನರ್ಸಮ್ಮ ಮುಟ್ಟಿದ್ದು ನೋವಾಯಿತು, ಹಾಗಾದರೆ ಅದು ಕೆಟ್ಟದ್ದೋ? ಚಾಕಲೇಟು ಕೊಟ್ಟು ಮೆಲ್ಲ ಮುಟ್ಟಿದ ಮಾಮನದ್ದು ಒಳ್ಳೆಯದೋ? ಒಳಚಡ್ಡಿ, ಬನಿಯನ್ ಮುಚ್ಚುವ ಜಾಗ ನಿನ್ನದು. ಸ್ನಾನ ಮಾಡಿಸುವಾಗ, ಹುಷಾರಿಲ್ಲದೆ ಡಾಕ್ಟರರ ಹತ್ತಿರ ಹೋದಾಗ ಅಮ್ಮನೋ ಅಪ್ಪನೋ ಜೊತೆಗಿರುವಾಗ ಬಿಟ್ಟರೆ ಅಲ್ಲಿ ಯಾರೂ ಮುಟ್ಟಬಾರದು. ಯಾರಾದರೂ ಮುಟ್ಟಿದರೆ, ಅವರದ್ದನ್ನು ಮುಟ್ಟು ಅಂತ ಹೇಳಿದರೆ, ಬಂದು ಹೇಳಬೇಕು. ಇಷ್ಟು ಸಾಕು. ಇದನ್ನು ಮನೆಮಾತಿನಲ್ಲಿ ಹೇಳಬೇಕು. ಕಾಸರಗೋಡಿನಲ್ಲಿ ಆ ಮನೆಮಾತು ಎಷ್ಟೋ ಕಡೆ ತುಳು, ಕೆಲವು ಕಡೆ ಹವ್ಯಕ, ಬ್ಯಾರಿ, ಕೊಂಕಣಿ. ಹಾಗಿದ್ದಲ್ಲಿ ತುಳುವಿನಲ್ಲೇ ಹೇಳಿ ಮಾರಾಯ್ರೆ, ಕನ್ನಡಾಭಿಮಾನ ಅಲ್ಲಿ ಅಡ್ಡ ಬರಬಾರದು.

ಇನ್ನು ಗೊಂಬೆ ಯಾಕೆ? ದೊಡ್ಡವರು ಎದುರು ನಿಂತು ಕೇಳಿದರೆ ಮಗುವಿಗೆ ಅದು ಪರೀಕ್ಷೆ. ಗೊಂಬೆ ಕೇಳಿದರೆ ಆಟ. ಅಮೆರಿಕದಲ್ಲಿ 1977ರಲ್ಲಿ ಬಾರ್ಬರಾ ಐಯೆಲ್ಲೊ ಎಂಬ ಶಿಕ್ಷಕಿ 'ಕಿಡ್ಸ್ ಆನ್ ದ ಬ್ಲಾಕ್' ಎಂಬ ಗೊಂಬೆ ತಂಡ ಶುರು ಮಾಡಿದರು. ಮೊದಲು ಅಂಗವಿಕಲ ಮಕ್ಕಳ ಬಗ್ಗೆ, ಆಮೇಲೆ ದೌರ್ಜನ್ಯದ ಬಗ್ಗೆಯೂ ಆಡಿದರು. ಅವರಲ್ಲಿ ನನಗೆ ಹಿಡಿಸಿದ್ದು, ಆಟ ಮುಗಿದ ಮೇಲೆ ಮಕ್ಕಳು ಪ್ರಶ್ನೆ ಕೇಳುವುದು ಗೊಂಬೆಯ ಹತ್ತಿರವೇ. ಉತ್ತರ ಹೇಳುವುದೂ ಗೊಂಬೆಯೇ.

ನಮಗೆ ಗೊಂಬೆ ಹೊಸದಲ್ಲ. ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದವರು ದೇಶ ವಿದೇಶ ತಿರುಗಿದವರು. ರಾಯದುರ್ಗ, ಮಡಕಶಿರಾ ಕಡೆಯವರಿಗೆ ತೊಗಲು ಗೊಂಬೆ ಗೊತ್ತು. ಆಂಧ್ರದ ಆಟದಲ್ಲಿ ಕೇತಿಗಾಡು, ಬಂಗಾರಕ್ಕ ಬಂದ ಕೂಡಲೇ ನಿದ್ದೆ ಹೋದ ಮಕ್ಕಳೂ ಎದ್ದು ಕೂರ್ತಾರೆ. ಆದರೆ ನಮ್ಮ ಕೆಲಸಕ್ಕೆ ಸೂತ್ರದ ಗೊಂಬೆ ಬೇಡ, ಅದು ವರ್ಷಗಟ್ಟಲೆ ಕಲಿಯುವ ವಿದ್ಯೆ. ಹಳೆ ಸಾಕ್ಸು, ಎರಡು ಗುಂಡಿ, ಉಲ್ಲನ್ ದಾರ ಸಾಕು. ಎರಡು ಬೆಂಚು ಅಡ್ಡ ಹಾಕಿ ಸೀರೆ ಕಟ್ಟಿದರೆ ರಂಗಸ್ಥಳ. ಆಟ ಇಪ್ಪತ್ತು ನಿಮಿಷ ದಾಟಬಾರದು.

ಕತೆ ಕಟ್ಟುವಲ್ಲಿ ಮಾತ್ರ ತುಂಬ ಜಾಗ್ರತೆ ಬೇಕು. ನಮ್ಮ ಕೈ ತನ್ನಿಂದ ತಾನೇ ರಾಕ್ಷಸನನ್ನು ಮಾಡ್ಲಿಕ್ಕೆ ಹೋಗ್ತದೆ. ಕಪ್ಪು ಮುಖ, ದಪ್ಪ ಮೀಸೆ, ಕೆಂಪು ಕಣ್ಣು. ಮಗು ಕಲಿಯುವುದೆಂತ? ಮೀಸೆ ಇಲ್ಲದವರು ಒಳ್ಳೆಯವರು ಅಂತ. ಆ ಗೊಂಬೆ ನಗುಮುಖದ್ದೇ ಆಗಿರಬೇಕು. ತಮಾಷೆ ಮಾಡುವ, ಮಕ್ಕಳೆಲ್ಲ ಇಷ್ಟಪಡುವ ಮಾಮ. ಅವನ ಬಾಯಲ್ಲಿ ಈ ಮಾತು ಬರಬೇಕು: "ಚಿನ್ನೀ, ಇದು ನಮ್ಮಿಬ್ಬರ ಗುಟ್ಟು. ಅಮ್ಮನಿಗೆ ಹೇಳ್ಬೇಡ, ಆಯ್ತಾ? ಹೇಳಿದ್ರೆ ನಿಂಗೇ ಬೈತಾರೆ." ಅಲ್ಲಿ ಆಟ ನಿಲ್ಲಿಸಿ, ಚಿನ್ನಿ ಮಕ್ಕಳ ಕಡೆ ತಿರುಗಿ ಕೇಳಲಿ, "ನಾನು ಹೇಳ್ಲಾ, ಬೇಡ್ವಾ?" ಅಣ್ಣನ ಹುಟ್ಟಿದಹಬ್ಬಕ್ಕೆ ತಂದಿಟ್ಟ ಕೇಕಿನ ಗುಟ್ಟು ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗ್ತದೆ. ಯಾವತ್ತೂ ಯಾರಿಗೂ ಹೇಳಬಾರದ ಗುಟ್ಟು ಅಂತ ದೊಡ್ಡವರು ಹೇಳಿದರೆ, ಅದನ್ನೇ ಮೊದಲು ಹೇಳಬೇಕು.

ಇನ್ನೊಂದು. ಬಹಳ ಆಟಗಳಲ್ಲಿ ಮಗು "ಬೇಡ!" ಅಂತ ಕೂಗಿ ಓಡ್ತದೆ, ಜಯ. ನನಗೆ ಇದು ಸಾಲದು ಅನ್ನಿಸ್ತದೆ. ಹೆದರಿದ ಮಗು ಕೂಗುವುದಿಲ್ಲ, ಕಲ್ಲಿನ ಹಾಗೆ ನಿಂತುಬಿಡ್ತದೆ. ನೋಡ್ತಾ ಕೂತ ಮಕ್ಕಳಲ್ಲಿ ಅಂಥ ಒಂದು ಮಗು ಇದ್ದರೆ, "ನಾನು ಓಡಲಿಲ್ಲ, ಹಾಗಾದ್ರೆ ತಪ್ಪು ನನ್ನದು" ಅಂತ ಎದ್ದು ಹೋದೀತು. ನಮ್ಮ ಚಿನ್ನಿಯೂ ಓಡಬಾರದು. ನಿಂತುಬಿಡಲಿ. ಎರಡು ದಿನ ಊಟ ಬಿಡಲಿ. ಆಮೇಲೆ ಅಜ್ಜಿಗೆ ಹೇಳಲಿ, ಅಜ್ಜಿ "ಅವ ಹಾಗೆಲ್ಲ ಮಾಡುವವನಲ್ಲ, ಸುಮ್ನಿರು" ಅನ್ನಲಿ. ಮತ್ತೆ ಟೀಚರಿಗೆ ಹೇಳಲಿ. ಟೀಚರು ಮಂಡಿಯೂರಿ ಕೂತು, "ನೀನು ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ" ಅನ್ನಲಿ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳುವುದನ್ನು ಮಗು ಹೀಗೆ ಕಲಿಯಬೇಕು. ಅಜ್ಜಿಯ ಮಾತಿಗೆ ಹಿಂದೆ ಕೂತ ದೊಡ್ಡವರಲ್ಲೂ ಕೆಲವರು ತಲೆ ತಗ್ಗಿಸಿಯಾರು.

ಆಟ ಆದ ಮೇಲೆ ಎಲ್ಲರ ಎದುರು "ನಿಮಗ್ಯಾರಿಗಾದ್ರೂ ಹೀಗಾಗಿದೆಯಾ" ಅಂತ ಕೇಳಬಾರದು. ಶಾಲೆಯ ಟೀಚರು ಅಥವಾ ಕೌನ್ಸೆಲರು ಜೊತೆಗಿರದೆ ಆಡಲೂಬಾರದು. ಒಂದು ಮೂಲೆಯಲ್ಲಿ ಗೊಂಬೆ ಇಟ್ಟುಕೊಂಡು ಸುಮ್ಮನೆ ಕೂತಿರಿ. ಬರುವ ಮಗು ಬರ್ತದೆ. ಬಂದು ಹೇಳಿದರೆ ಅಗೆದು ಅಗೆದು ಪ್ರಶ್ನೆ ಕೇಳಬೇಡಿ, "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ. ಯಾಕಂದರೆ ನೀವು ಹೇಳಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಉಂಟು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯೂ ಉಂಟು. ಎಲ್ಲಿಗೆ ಹೋಗುವುದು ಅಂತ ಗೊತ್ತಾಗದಿದ್ದರೆ 1098ಕ್ಕೆ ಫೋನ್ ಮಾಡಿ. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಮಗುವಿನ ಹೆಸರು, ಶಾಲೆ, ಫೋಟೋ ಯಾವುದೂ ಹೊರಗೆ ಹೋಗಬಾರದು.

ಗೊಂಬೆಯಾಟದಿಂದ ದೌರ್ಜನ್ಯವೇ ನಿಂತುಹೋಗ್ತದೆ ಅಂತ ನಾನು ಹೇಳುವುದಿಲ್ಲ. ಇಂಥ ಶಾಲಾ ಪಾಠಗಳ ಮೇಲೆ ನಡೆದ 24 ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿತ್ತು. ಮಕ್ಕಳ ತಿಳಿವಳಿಕೆ ಹೆಚ್ಚಾದದ್ದು ಕಂಡಿತು, ದೌರ್ಜನ್ಯವೇ ಕಡಿಮೆಯಾಯಿತು ಅನ್ನಲು ಪುರಾವೆ ಸಾಕಾಗಲಿಲ್ಲ. ಕಾಯುವ ಹೊಣೆ ದೊಡ್ಡವರದ್ದು. ಹೇಳ್ಲಿಕ್ಕೆ ಬೇಕಾದ ಮಾತನ್ನು ಮಗುವಿಗೆ ಕೊಡುವುದಷ್ಟೇ ಗೊಂಬೆಯ ಕೆಲಸ.

ಮಗು ಹೇಳಿತು ಅಂತಿಟ್ಟುಕೊಳ್ಳಿ. ಠಾಣೆಯಲ್ಲಿ ಬರೆದುಕೊಳ್ಳುವವರಿಗೆ ಕನ್ನಡ ಬಾರದು. ಆಗ? ಅದೇ 19ನೇ ಕಲಮಿನ ನಾಲ್ಕನೇ ಉಪಕಲಮು ನೋಡಿ: ಬರೆದುಕೊಳ್ಳುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಅನುವಾದಕರನ್ನೋ ದುಭಾಷಿಯನ್ನೋ ಒದಗಿಸಲೇಬೇಕು. 2020ರ ಪೋಕ್ಸೊ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಇಂಥವರ ಹೆಸರಿನ ಒಂದು ರಿಜಿಸ್ಟರ್ ಇಡಬೇಕು. ಅದಕ್ಕೆ ಬೇಕಾದ ಅರ್ಹತೆ ಎಂತ ಗೊತ್ತುಂಟಾ? ಮಗುವಿನ ಭಾಷೆಯೂ ರಾಜ್ಯದ ಆಡಳಿತ ಭಾಷೆಯೂ ಬರಬೇಕು. ಮಾತೃಭಾಷೆಯಾಗಿ, ಪ್ರಾಥಮಿಕ ಶಾಲೆಯ ಮಾಧ್ಯಮವಾಗಿ, ಇಲ್ಲವೇ ಆ ಊರಲ್ಲಿ ಬದುಕಿ ಕಲಿತಿದ್ದರೂ ಆಗ್ತದೆ. ಇಲ್ಲಿ ಕೂತವರಲ್ಲಿ ಯಾರಿಗಿಲ್ಲ ಹೇಳಿ ಆ ಅರ್ಹತೆ? ಎರಡು ಭಾಷೆಯ ನಡುವೆ ಸಿಕ್ಕಿಬಿದ್ದಿದ್ದೇವೆ ಅಂತ ಯಾವಾಗಲೂ ಗೊಣಗ್ತೇವಲ್ಲ, ಅದೇ ಇಲ್ಲಿ ಸರ್ಟಿಫಿಕೇಟು.

ಸೋಮವಾರ ನಿಮ್ಮ ನಿಮ್ಮ ಜಿಲ್ಲೆಯ ಘಟಕಕ್ಕೆ ಹೋಗಿ, ರಿಜಿಸ್ಟರಿನಲ್ಲಿ ಕನ್ನಡದ ಹೆಸರು ಎಷ್ಟು ಉಂಟು ಅಂತ ಕೇಳಿ. ಇಲ್ಲದಿದ್ದರೆ ಅರ್ಜಿ ಬರೆದು ನಿಮ್ಮದನ್ನು ಸೇರಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇದು ಕ್ಲರ್ಕಿನ ಬುದ್ಧಿ, ಕ್ಷಮಿಸಿ. ಆ ಕೆಲಸಕ್ಕೆ ಕರೆ ಬಂದ ದಿನ, ಮಗುವಿನ ಮಾತನ್ನು ತಿದ್ದಬೇಡಿ, ಚಂದ ಮಾಡಬೇಡಿ. "ಛೀ ಜಾಗ" ಅಂದರೆ "ಛೀ ಜಾಗ" ಅಂತಲೇ ಬರೆಸಿ.

ಊಟ ಆದ ಮೇಲೆ ಗೊಂಬೆ ಮಾಡುವುದನ್ನು ತೋರಿಸ್ತೇನೆ. ಸಾಕ್ಸ್ ತಂದವರು ಒಗೆದೇ ತಂದಿದ್ದೀರಿ ಅಂತ ನಂಬಿದ್ದೇನೆ.