ಗರ್ಭಿಣಿಯ ಆರೈಕೆ ಮನೆಯವರ ಹೊಣೆ



ಸೂರಃ ಲುಕ್ಮಾನ್‌ನ 14ನೆಯ ಸೂಕ್ತದಲ್ಲಿ ಅಲ್ಲಾಹನು ತಾಯಿ ಗರ್ಭ ಹೊತ್ತು ಪಡುವ ಬಳಲಿಕೆಯನ್ನು ನೆನಪಿಸಿಯೇ ಹೆತ್ತವರ ಹಕ್ಕನ್ನು ತಿಳಿಸುತ್ತಾನೆ. ನಮ್ಮ ತಾಯಿಯನ್ನು ನೆನೆದು ಕಣ್ಣು ತುಂಬಿಕೊಳ್ಳುವ ನಾವು, ಮನೆಯಲ್ಲಿರುವ ಬಸುರಿ ಹೆಂಡತಿಯ, ಸೊಸೆಯ ಬಳಲಿಕೆಯನ್ನು ಕಾಣುತ್ತೇವೆಯೇ?

ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಂದು ಗಂಡ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಹೋಗಲಿ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳಬೇಕು. ಮಗು ಕಪ್ಪಾಗುತ್ತದೆಂಬ ಮಾತು ಬರೀ ಸುಳ್ಳು. ಗುಳಿಗೆಯ ಹೊತ್ತಿಗೆ ಚಹಾ ಮಾತ್ರ ಬೇಡ. ಅದು ಕಬ್ಬಿಣಾಂಶ ಮೈಗೆ ಹತ್ತಗೊಡುವುದಿಲ್ಲ.

ಇನ್ನು ರಮಝಾನ್. ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ಉಪವಾಸದಲ್ಲಿ ರಿಯಾಯಿತಿ ಇದೆಯೆಂದು ಪ್ರವಾದಿ(ಸ) ತಿಳಿಸಿದ್ದಾರೆ. ತನಗೋ ಮಗುವಿಗೋ ತೊಂದರೆಯಾದೀತೆಂಬ ಭಯವಿದ್ದರೆ ಆಕೆ ಉಪವಾಸ ಬಿಟ್ಟು ಆಮೇಲೆ ಕಝಾ ಮಾಡಬಹುದು. ಆದರೆ ಎಷ್ಟೋ ಮನೆಗಳಲ್ಲಿ ಆಕೆ ಅಡುಗೆಮನೆಯ ಮೂಲೆಯಲ್ಲಿ ಕದ್ದು ಉಣ್ಣಬೇಕು! ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಕಿತ್ತುಕೊಳ್ಳಲು ಅತ್ತೆಗಾಗಲಿ ನೆರೆಯವರಿಗಾಗಲಿ ಅಧಿಕಾರವಿಲ್ಲ. ನೀವೇ ತಟ್ಟೆ ಬಡಿಸಿ ಮುಂದಿಡಿ.

ರಕ್ತ ಹೋದರೆ, ಮುಖ ಊದಿಕೊಂಡರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ ಬೆಳಗಾಗಲೆಂದು ಕಾಯಬೇಡಿ. ದುಆ ಮಾಡುತ್ತಲೇ 108ಕ್ಕೆ ಕರೆ ಮಾಡಿ.