ಸವೆದ ಟೈರು ಎಲ್ಲಿಗೆ ಹೋಯಿತು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪರಿಸರದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಂಘದವರು ಹೇಳಿದ್ದಾರೆ. ಪರಿಸರ ಬಹಳ ದೊಡ್ಡ ಮಾತಾಯಿತು. ನಾನು ಟೈರಿನ ಬಗ್ಗೆ ಮಾತ್ರ ಹೇಳುತ್ತೇನೆ.

ಲಾರಿ, ಟೆಂಪೊ, ಟ್ರ್ಯಾಕ್ಟರ್ ಇಟ್ಟವರು ಇಲ್ಲಿ ಬಹಳ ಜನ ಇದ್ದೀರಿ. ಟೈರು ಬೋಳಾದರೆ ಬೈದುಕೊಂಡು ಹೊಸದು ಹಾಕಿಸುತ್ತೀರಿ. ಸವೆದ ರಬ್ಬರು ಎಲ್ಲಿಗೆ ಹೋಯಿತು ಎಂದು ಕೇಳುವವರಿಲ್ಲ. ಒಂದು ಕಾರಿನ ಟೈರು ತನ್ನ ಆಯಸ್ಸಿನಲ್ಲಿ ಒಂದರಿಂದ ಒಂದೂವರೆ ಕಿಲೊದಷ್ಟು ತೂಕ ಕಳೆದುಕೊಳ್ಳುತ್ತದೆ. ಅದು ಆವಿಯಾಗುವ ಪದಾರ್ಥವಲ್ಲ. ಪುಡಿಯಾಗಿ, ಡಾಂಬರು-ಜಲ್ಲಿಯ ಪುಡಿಯ ಜೊತೆ ಅಂಟಿಕೊಂಡು ರಸ್ತೆಯ ಪಕ್ಕ ಬೀಳುತ್ತದೆ. ತೀರ ಸಣ್ಣ ಕಣಗಳು, ಅಂದರೆ 10 ಮೈಕ್ರಾನಿಗಿಂತ ಚಿಕ್ಕವು, ಗಾಳಿಯಲ್ಲಿ ತೇಲುತ್ತವೆ. ನಮ್ಮ ಉಸಿರಿನೊಳಗೂ ಹೋಗುತ್ತವೆ. ತಲೆಗೂದಲಿನ ದಪ್ಪ ಇದರ ಐದಾರು ಪಟ್ಟು ಇರುತ್ತದೆ.

ಉಳಿದದ್ದನ್ನು ಮಳೆ ತೊಳೆಯುತ್ತದೆ. ಅಮೆರಿಕದ ಸಿಯಾಟಲ್ ಸುತ್ತಮುತ್ತ ಏನಾಯಿತು ಕೇಳಿ. ಅಲ್ಲಿ ಕೋಹೊ ಎಂಬ ಸಾಲ್ಮನ್ ಮೀನು ಸಮುದ್ರದಿಂದ ಹೊಳೆಗೆ ಮೊಟ್ಟೆಯಿಡಲು ಬರುತ್ತದೆ. ದುಡ್ಡು ಸುರಿದು ಹೊಳೆಗಳನ್ನು ಸ್ವಚ್ಛ ಮಾಡಿದರೂ, ಮಳೆ ಬಂದ ಮೇಲೆ ಮೀನುಗಳು ಮೊಟ್ಟೆಯಿಡುವ ಮೊದಲೇ ತೇಲಾಡಿ ಸಾಯುತ್ತಿದ್ದವು. ಅದೇ ನೀರಿನಲ್ಲಿ ಚಮ್ ಎಂಬ ಇನ್ನೊಂದು ಜಾತಿಯ ಸಾಲ್ಮನ್‌ಗೆ ಏನೂ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಹುಡುಕಿದ ವಿಜ್ಞಾನಿಗಳು 2020ರ ಡಿಸೆಂಬರ್‌ನಲ್ಲಿ ಕಾರಣ ಪ್ರಕಟಿಸಿದರು. ಬಿಸಿಲು-ಗಾಳಿಗೆ ಟೈರು ಬಿರಿಯದಿರಲೆಂದು ಅದರಲ್ಲಿ 6ಪಿಪಿಡಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಅದು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಇನ್ನೊಂದು ಪದಾರ್ಥವಾಗುತ್ತದೆ. ಕೋಹೊ ಮೀನಿಗೆ ಅದೇ ವಿಷ. ಟೈರನ್ನು ಕಾಪಾಡಲು ಹಾಕಿದ್ದು ಮೀನನ್ನು ಕೊಂದಿತು.

ನಮ್ಮ ಕೆರೆಯ ಮೀನಿಗೂ ಹೀಗೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಒಂದು ಸಾಲ್ಮನ್ ಸತ್ತು ಇನ್ನೊಂದು ಬದುಕಿದ ಮೇಲೆ ಹಾಗೆ ಹೇಳುವುದು ತಪ್ಪಾಗುತ್ತದೆ. ಆದರೆ ಹೆದ್ದಾರಿಯ ಚರಂಡಿ ನೇರವಾಗಿ ಕೆರೆಯ ಕೋಡಿಯ ಈಚೆಗೆ ಬಂದು ಸೇರುವುದನ್ನು ನೀವೆಲ್ಲ ನೋಡಿದ್ದೀರಿ. ಮೊದಲ ಮಳೆಗೆ ಆ ನೀರಿನ ಬಣ್ಣವನ್ನೂ ನೋಡಿದ್ದೀರಿ.

ಎಲೆಕ್ಟ್ರಿಕ್ ಗಾಡಿ ಬಂದರೆ ಇದೆಲ್ಲ ಹೋಗುತ್ತದಲ್ಲವೇ ಎಂದು ಬೆಳಿಗ್ಗೆ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಹೊಗೆ ಹೋಗುತ್ತದೆ, ಬ್ರೇಕಿನ ಸವೆತವೂ ಕಡಿಮೆಯಾಗುತ್ತದೆ. ಆದರೆ ಬ್ಯಾಟರಿಯ ತೂಕದಿಂದ ಗಾಡಿ ಭಾರವಾಗುತ್ತದೆ, ಭಾರದ ಗಾಡಿ ಟೈರನ್ನು ಹೆಚ್ಚು ತಿನ್ನುತ್ತದೆ. 2020ರ ಏಪ್ರಿಲ್‌ನಿಂದ ನಮ್ಮಲ್ಲಿರುವ ಭಾರತ್ ಸ್ಟೇಜ್ 6 ನಿಯಮ ಹೊಗೆಕೊಳವೆಗೆ ಕಟ್ಟುನಿಟ್ಟು. ಟೈರಿನ ಪುಡಿಯ ಮಾತೇ ಅದರಲ್ಲಿಲ್ಲ. ಯುರೋಪಿನವರು 2024ರಲ್ಲಿ ಒಪ್ಪಿದ ಯುರೋ 7ರಲ್ಲಿ ಮೊದಲ ಬಾರಿಗೆ ಬ್ರೇಕು, ಟೈರು ಎರಡನ್ನೂ ಸೇರಿಸಿದ್ದಾರೆ.

ನಮ್ಮ ಕೈಯಲ್ಲಿರುವುದು ಸಣ್ಣದು. ಗಾಳಿ ಕಡಿಮೆಯಿದ್ದರೆ, ಅಲೈನ್‌ಮೆಂಟ್ ಕೆಟ್ಟಿದ್ದರೆ, ಓವರ್‌ಲೋಡ್ ಹಾಕಿದರೆ ಟೈರು ಬೇಗ ಸವೆಯುತ್ತದೆ. ಇದರಲ್ಲಿ ನಿಮ್ಮ ದುಡ್ಡೂ ಉಳಿಯುತ್ತದೆ, ಆದ್ದರಿಂದ ನಾನು ಒತ್ತಾಯ ಮಾಡಬೇಕಿಲ್ಲ. ಶಾಲೆಯ ಮುಂದಿನ ಹಂಪ್‌ನಿಂದ ಬ್ರೇಕಿನ ಪುಡಿ ಹೆಚ್ಚುತ್ತದೆ, ನಿಜ. ಹಾಗೆಂದು ಅದನ್ನು ಮಾತ್ರ ಯಾರೂ ತೆಗೆಸಬೇಡಿ. ಮಕ್ಕಳ ಪ್ರಾಣ ಮೊದಲು.

ಇನ್ನು ಚರಂಡಿಯ ವಿಷಯ. ಸಿಯಾಟಲ್ ಕಡೆಯವರೇ ಇನ್ನೊಂದು ಪ್ರಯೋಗ ಮಾಡಿದರು. ರಸ್ತೆಯ ನೀರನ್ನು ಮರಳು, ಗೊಬ್ಬರ ಬೆರೆಸಿದ ಮಣ್ಣಿನ ಮೂಲಕ ಇಳಿಸಿ ಆಮೇಲೆ ಮೀನು ಬಿಟ್ಟರು. ಮೀನು ಬದುಕಿದವು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಚರಂಡಿ ಕೆರೆಗೆ ಸೇರುವ ಜಾಗದಲ್ಲಿ ಅಂಥ ಒಂದು ಗುಂಡಿ ತೆಗೆದು, ಮೇಲೆ ಹುಲ್ಲು-ಜೊಂಡು ಬೆಳೆಸಿದರೆ ಆಯಿತು. ಕೆಲವು ವರ್ಷಕ್ಕೊಮ್ಮೆ ಮಣ್ಣು ಬದಲಿಸಬೇಕು. ಸುವರ್ಣ ಮಹೋತ್ಸವದ ಹಣದಲ್ಲಿ ಸ್ವಾಗತ ಕಮಾನು ಕಟ್ಟುವ ಮಾತು ನಡೆದಿದೆ. ಅದರಲ್ಲಿ ಒಂದು ಪಾಲನ್ನು ಈ ಗುಂಡಿಗೆ ಕೊಡಿ ಎಂದು ಸಮಿತಿಯವರನ್ನು, ಜಾಗ ತೋರಿಸಿಕೊಡಿ ಎಂದು ಪಂಚಾಯಿತಿಯವರನ್ನು ಕೇಳುತ್ತೇನೆ. ಮಳೆಗಾಲಕ್ಕೆ ಮೊದಲು ತೀರ್ಮಾನವಾದರೆ ಅಗೆಯಲು ನಮ್ಮ ಬ್ಯಾಚಿನವರು ಬರುತ್ತೇವೆ.