ಹತಾರಕ್ಕೂ ಹದ ಬೇಕು



ಗರಡಿಯ ಪೈಲ್ವಾನನ ಕೈಗೆ ವೀಣೆ ಕೊಟ್ಟರೆ ತಂತಿಯ ಗತಿ ಏನಾದೀತೋ, ಮೆಕ್ಯಾನಿಕ್ಕನ ಮುಂದೆ ಧ್ವನಿಗ್ರಾಹಕವನ್ನಿಟ್ಟರೆ ನುಡಿಯ ಗತಿಯೂ ಅದೇ ಆದೀತೆಂಬ ಅಳುಕು ನನಗಿದೆ. ಆದರೂ ಕೈಯಿಂದ ಕಲಿತದ್ದನ್ನು ಬಾಯಿಂದ ಹೇಳಬೇಕಾದ ವಯಸ್ಸು ಬಂದಿದೆ. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ, ಮೊಸಳೆ ಗ್ರಾಮಕ್ಕೆ ಸಮೀಪದಲ್ಲಿ, ತಗಡಿನ ಚಪ್ಪರವೊಂದರ ಕೆಳಗೆ ಮೂವತ್ತು ವರ್ಷಗಳಿಗೂ ಮೀರಿ ಕಾರುಗಳ ಇಂಜಿನು ಬಿಚ್ಚಿ ಜೋಡಿಸಿ ಬದುಕಿದವನು ನಾನು. ಆ ಕಾಲದಲ್ಲಿ ನಾವು ಕೈಯಾರೆ ಮಾಡಿಕೊಳ್ಳುತ್ತಿದ್ದ ಹತಾರಗಳ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಸುತ್ತಿಗೆ, ಸ್ಪ್ಯಾನರು, ಇಕ್ಕಳಗಳು ಎಲ್ಲ ಯಂತ್ರಗಳಿಗೂ ಸಲ್ಲುವಂಥವು. ಆದರೆ ಒಂದು ಇಂಜಿನನ್ನು ರೂಪಿಸಿದವರು ಅದರ ಕೆಲವು ಅಂಗಗಳನ್ನು ಬಿಚ್ಚುವುದಕ್ಕೆಂದೇ ಬೇರೆ ಹತಾರಗಳನ್ನೂ ರೂಪಿಸಿರುತ್ತಾರೆ. ಕಂಪನಿಯ ಕೈಪಿಡಿಯಲ್ಲಿ ಅವುಗಳಿಗೆ ‘ವಿಶೇಷ ಉಪಕರಣ’ವೆಂಬ ಹೆಸರು, ಒಂದು ಚಿತ್ರ, ಪಕ್ಕದಲ್ಲೊಂದು ಉದ್ದನೆಯ ಸಂಖ್ಯೆ. ಅಧಿಕೃತ ಕಾರ್ಯಾಗಾರಗಳಿಗೆ ಅವು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ನಮ್ಮಂಥ ರಸ್ತೆಬದಿಯವರಿಗೆ ಬರುತ್ತಿದ್ದುದು ಕೆಟ್ಟ ಕಾರು ಮಾತ್ರ.

ಅಂಬಾಸಿಡರಿನ ಕಾಲದಲ್ಲಿ ಈ ಕೊರತೆ ನಮ್ಮನ್ನು ಅಷ್ಟಾಗಿ ಬಾಧಿಸಲಿಲ್ಲ. ಅದರ 1489 ಸಿ.ಸಿ. ಇಂಜಿನು ಉದಾರ ಸ್ವಭಾವದ್ದು. ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಸುವಾಗ ಅದರ ಬಳೆಗಳನ್ನು ಅಮುಕಿ ಹಿಡಿಯುವ ಪಟ್ಟಿ ಬೇಕು. ಎಣ್ಣೆಡಬ್ಬಿಯ ತಗಡನ್ನು ಕತ್ತರಿಸಿ, ಅಂಚು ತೀಡಿ, ನೀರಿನ ಕೊಳವೆಗೆ ಬಿಗಿಯುವ ಕ್ಲಿಪ್ಪು ಹಾಕಿ ಆ ಪಟ್ಟಿಯನ್ನು ಮಾಡಿದೆವು. ಕವಾಟವನ್ನು ಅದರ ಪೀಠದ ಮೇಲೆ ಅರೆದು ಕೂರಿಸಲು ರಬ್ಬರ್ ಬಟ್ಟಲಿನ ಕೋಲು ಬೇಕು. ಕವಾಟದ ಕಾಂಡಕ್ಕೆ ರಬ್ಬರ್ ಕೊಳವೆ ತೊಡಿಸಿ, ಅದಕ್ಕೊಂದು ಕಡ್ಡಿ ಸಿಕ್ಕಿಸಿ, ಮಜ್ಜಿಗೆಯ ಮಂತನ್ನು ಅಂಗೈಗಳ ನಡುವೆ ಹೊಸೆಯುವಂತೆ ಹೊಸೆದೆವು. ಕ್ಲಚ್ಚಿನ ತಟ್ಟೆಯನ್ನು ನಟ್ಟನಡುವೆ ಕೂರಿಸುವ ದಂಡವನ್ನು ಬಡಗಿಯಿಂದ ತೇಗದ ಮರದಲ್ಲಿ ಕಡೆಸಿಕೊಂಡೆವು. ಕ್ರ್ಯಾಂಕ್ ದಂಡದ ಹಿಂತುದಿಯಲ್ಲಿ ಅಡಗಿ ಕುಳಿತ ಸಣ್ಣ ಬುಷ್ಷನ್ನು ಹೊರಗೆಳೆಯಲು ಕೊಕ್ಕೆಯಿರಲಿಲ್ಲ. ಅದರ ರಂಧ್ರದ ತುಂಬ ಗ್ರೀಸು ತುರುಕಿ, ಬಿಗಿಯಾಗಿ ಹೊಂದುವ ಸಲಾಕೆಯನ್ನಿಟ್ಟು ಬಡಿದರೆ, ಬೇರೆ ದಾರಿ ಕಾಣದ ಗ್ರೀಸು ಹಿಂದಿನಿಂದ ಒತ್ತಿ ಬುಷ್ಷನ್ನು ತಾನೇ ಹೊರಕ್ಕೆ ತಳ್ಳುತ್ತಿತ್ತು. ಇದು ಹದಿನೇಳನೆಯ ಶತಮಾನದ ಪ್ಯಾಸ್ಕಲನ ನಿಯಮವೆಂದು ಶಾಲೆಯ ಮಾಸ್ತರರೊಬ್ಬರು ಹೇಳಿದ ಮೇಲೆಯೇ ನಮಗೆ ತಿಳಿದದ್ದು.

ಇಷ್ಟಾದ ಮೇಲೆ ಗರ್ವ ಬಾರದಿರುತ್ತದೆಯೆ? ಕಣ್ಣಿಗೆ ಕಂಡುದನ್ನೆಲ್ಲ ಕೈ ಮಾಡಬಲ್ಲುದೆಂಬ ಭ್ರಮೆ ನನ್ನ ತಲೆಗೇರಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಕೆಲವು ವರ್ಷಗಳಲ್ಲಿ ನಮ್ಮ ಚಪ್ಪರದ ಕೆಳಗೂ ಒಂದು ಬಂದು ನಿಂತಿತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಪುಟ್ಟ ಇಂಜಿನು. ಕ್ರ್ಯಾಂಕ್ ದಂಡದ ಮುಂತುದಿಯ ಆಯಿಲ್ ಸೀಲು ಸೋರುತ್ತಿತ್ತು. ಅದನ್ನು ಬದಲಿಸಲು ಅಲ್ಲಿಯ ಹಲ್ಲುಗಾಲಿಯ ಬೋಲ್ಟು ಬಿಚ್ಚಬೇಕು. ಬೋಲ್ಟು ತಿರುಗಿಸಹೋದರೆ ಇಂಜಿನೇ ತಿರುಗುತ್ತದೆ. ಹಾಗಾಗದಂತೆ ಫ್ಲೈವೀಲಿನ ಹಲ್ಲುಗಳನ್ನು ಕಚ್ಚಿ ಹಿಡಿಯುವ ತುಂಡೊಂದು ಕಂಪನಿಯ ಪೆಟ್ಟಿಗೆಯಲ್ಲಿರುತ್ತದೆ. ನೋಡಲು ತೀರ ಸರಳ. ಪರಿಚಿತರೊಬ್ಬರಲ್ಲಿ ಅದನ್ನು ಕಂಡು, ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಸುತ್ತುಗೆರೆ ಎಳೆದುಕೊಂಡು ಬಂದೆ.

ಮೊದಲು ಮೆದು ಕಬ್ಬಿಣದ ಪಟ್ಟಿಯಲ್ಲಿ ಕೊರೆದೆ. ಬಲ ಬೀಳುತ್ತಲೇ ಅದರ ಹಲ್ಲುಗಳು ಮಡಿಸಿಕೊಂಡವು. ಮರುದಿನ ಲಾರಿಯ ಮುರಿದ ಪಟ್ಟೆ ಸ್ಪ್ರಿಂಗನ್ನು ತಂದು, ಕುಲುಮೆಯಲ್ಲಿ ಕಾಸಿ ಆರಿಸಿ ಮೆದುಮಾಡಿ, ಅರದಿಂದ ಉಜ್ಜಿ ರೂಪಕೊಟ್ಟು, ಮತ್ತೆ ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದೆ. ಅರವೇ ಜಾರುವಷ್ಟು ಗಟ್ಟಿಯಾಯಿತು. ಸಂಜೆಯೊಳಗೆ ಕಾರು ಬೇಕೆಂದು ಒಡೆಯರ ಅವಸರ. ಇಷ್ಟು ಸಾಕೆಂದು ನನ್ನ ಅವಸರ.

ನನ್ನಲ್ಲಿ ಕೆಲಸ ಕಲಿಯುತ್ತಿದ್ದ ಹದಿನೆಂಟರ ಹುಡುಗ ಕಾರಿನ ಕೆಳಗೆ ಮಲಗಿ ಆ ತುಂಡನ್ನು ಹಲ್ಲುಗಳಿಗೆ ಒತ್ತಿ ಹಿಡಿದ. ನಾನು ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ ಎಳೆದೆ. ಗಾಜು ಒಡೆದಂಥ ಶಬ್ದವಾಯಿತು. ತುಂಡು ಎರಡಾಗಿ, ಚೂರೊಂದು ಸಿಡಿದು ಅವನ ಹುಬ್ಬನ್ನು ಸೀಳಿತ್ತು. ಹಾಸನಕ್ಕೆ ಕರೆದೊಯ್ದೆವು, ನಾಲ್ಕು ಹೊಲಿಗೆ ಬಿದ್ದವು. ಅರ್ಧ ಬೆರಳು ಕೆಳಗೆ ತಗುಲಿದ್ದರೆ ಕಣ್ಣು ಉಳಿಯುತ್ತಿರಲಿಲ್ಲವೆಂದರು ವೈದ್ಯರು. ಅವನ ತಾಯಿ ನನ್ನನ್ನು ಬೈಯಲಿಲ್ಲ. “ಹತಾರ ಸರಿಯಿರಲಿಲ್ಲವೇನಪ್ಪ?” ಎಂದು ಮಾತ್ರ ಕೇಳಿದರು. ಬೈದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಮುರಿದ ತುಂಡನ್ನು ಊರಿನ ಹಿರಿಯ ಕಮ್ಮಾರರ ಬಳಿಗೆ ಒಯ್ದೆ. ಗುಳ, ಕುಡುಗೋಲು ಬಡಿದು ನರೆತ ಜೀವ. ಮುರಿದ ಮೈಯನ್ನು ಬೆಳಕಿಗೆ ಹಿಡಿದು ನೋಡಿ, “ಗಟ್ಟಿ ಮಾಡಿದೀಯ, ಹದ ಮಾಡಿಲ್ಲ” ಎಂದರು. ಅವರು ತೋರಿಸಿಕೊಟ್ಟದ್ದು ಇಷ್ಟು: ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ತಣಿಸಿದರೆ ಅದು ಗಟ್ಟಿಯಾಗುವುದರ ಜೊತೆಗೆ ಗಾಜಿನಂತೆ ಬಿರುಸೂ ಆಗುತ್ತದೆ. ಆಮೇಲೆ ಅದರ ಮೈಯನ್ನು ಬೆಳಗಿ, ಎರಡನೆಯ ಸಲ ಮೆಲ್ಲನೆ ಕಾಸಬೇಕು. ಆಗ ಉಕ್ಕಿನ ಮೇಲೆ ಬಣ್ಣಗಳು ಹರಿಯತೊಡಗುತ್ತವೆ. ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ತೋರುವುದು ಸುಮಾರು 230 ಡಿಗ್ರಿ ಸೆಲ್ಸಿಯಸ್ಸಿಗೆ, ನೀಲಿ ಸುಮಾರು 300ಕ್ಕೆ. ಹರಿತ ಬೇಕಾದ ಕತ್ತಿಗೆ ಹಳದಿ ಸಾಕು. ಬಾಗಿ ತಾಳಬೇಕಾದ ಸ್ಪ್ರಿಂಗಿಗೆ ನೀಲಿಯವರೆಗೆ ಹೋಗಬೇಕು. ಗಡಸನ್ನು ಕೊಂಚ ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುವ ವ್ಯವಹಾರವಿದು. ಡಿಗ್ರಿಯ ಲೆಕ್ಕವನ್ನು ನಾನು ಮುಂದೆ ಪುಸ್ತಕದಲ್ಲಿ ಓದಿದೆ. ಅವರಿಗೆ ಬಣ್ಣವೇ ಪುಸ್ತಕವಾಗಿತ್ತು. ನೆಲಕ್ಕೆ, ಪಾಕಕ್ಕೆ, ಮಾತಿಗೆ ಹದವುಂಟೆಂದು ನಾವೆಲ್ಲ ಬಲ್ಲೆವು. ಹತಾರಕ್ಕೂ ಉಂಟೆಂಬುದನ್ನು ಹುಡುಗನೊಬ್ಬನ ರಕ್ತ ಕಂಡ ಮೇಲೆ ಕಲಿತೆ.

ಆ ಭಾನುವಾರ ಮೊಸಳೆಯ ಗುಡಿಗಳ ಅಂಗಳದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಕ್ರಿ.ಶ. 1200ರ ಸುಮಾರಿನ, ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ಗುಡಿಗಳು ಅಲ್ಲಿ ಅವಳಿ ಮಕ್ಕಳಂತೆ ಅಕ್ಕಪಕ್ಕದಲ್ಲಿ ನಿಂತಿವೆ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರೋ ಎನ್ನುವಷ್ಟು ಹೋಲಿಕೆ. ಆದರೆ ಅದು ಸುತ್ತುಗೆರೆ ಎಳೆದುಕೊಂಡು ಮಾಡಿದ ಕೆಲಸವಲ್ಲ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದುವಾಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುತ್ತದೆಂಬುದನ್ನು ಬಲ್ಲ ಕೈಗಳು ಎರಡನ್ನೂ ಕಡೆದಿವೆ. ಎಂಟು ಶತಮಾನಗಳ ಮೇಲೂ ಎರಡೂ ನಿಂತಿವೆ.

ಅಂದಿನಿಂದ ಯಾವ ಹತಾರವನ್ನು ನಕಲು ಮಾಡುವ ಮುನ್ನವೂ ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ: ಇದು ಎಷ್ಟು ಬಲವನ್ನು ಹೊರುತ್ತದೆ? ಯಾವ ಅಳತೆಯನ್ನು ಕಾಯುತ್ತದೆ? ಮುರಿದರೆ ಯಾರ ಮೇಲೆ ಬೀಳುತ್ತದೆ? ತಗಡಿನ ಪಟ್ಟಿಯೂ ತೇಗದ ದಂಡವೂ ಈ ಪರೀಕ್ಷೆಯಲ್ಲಿ ಗೆದ್ದವು. ಬೋಲ್ಟಿನ ಬಿಗಿತವನ್ನು ಅಳೆಯಲು ಕಾಳು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಸ್ಪ್ಯಾನರಿಗೆ ಸಿಕ್ಕಿಸಿ ಎಳೆಯುತ್ತಿದ್ದೆವು. 6 ಕಿಲೋಗ್ರಾಂ-ಮೀಟರ್ ಬೇಕೆಂದರೆ ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ 12 ಕಿಲೋ ಎಳೆತ. ಲೆಕ್ಕ ಸರಿಯೆ. ಆದರೆ ಎಳೆತ ಓರೆಯಾದರೆ ಅಳತೆ ಸುಳ್ಳಾಗುತ್ತದೆ. ಆದ್ದರಿಂದ ಹಣ ಕೂಡಿಸಿ ಟಾರ್ಕ್ ರೆಂಚನ್ನೇ ಕೊಂಡೆ. ಕಾರಿನ ಭಾರ ಹೊರುವ ಸುರುಳಿ ಸ್ಪ್ರಿಂಗನ್ನು ಅಮುಕುವ ಹತಾರವನ್ನಂತೂ ಎಷ್ಟು ಸುಲಭವಾಗಿ ಕಂಡರೂ ಮಾಡಲಿಲ್ಲ. ಅದು ಕೈಕೊಟ್ಟರೆ ಹುಬ್ಬಿಗೆ ನಿಲ್ಲುವುದಿಲ್ಲ.

ಅಂಬಾಸಿಡರಿನ ತಯಾರಿಕೆಯೂ ಮಾರುತಿ 800ರ ತಯಾರಿಕೆಯೂ 2014ರಲ್ಲಿ ನಿಂತುಹೋದವು. ಈಗ ವಿಶೇಷ ಹತಾರಗಳ ನಕಲುಗಳು ಅಂಗಡಿಯಲ್ಲಿಯೇ ಅಗ್ಗವಾಗಿ, ಕನ್ನಡಿಯಂತೆ ಹೊಳೆಯುತ್ತ ದೊರೆಯುತ್ತವೆ. ಕೊಳ್ಳುವವರೂ ಮಾಡುವವರೂ ನೆನಪಿಡಬೇಕಾದದ್ದು ಒಂದೇ: ಆಕಾರ ಕಣ್ಣಿಗೆ ಕಾಣುತ್ತದೆ, ಹದ ಕಾಣುವುದಿಲ್ಲ.

ಆ ಹಿರಿಯರ ಎದುರಿನಲ್ಲಿ ನೀಲಿ ಬಣ್ಣ ಬರುವವರೆಗೆ ಕಾಸಿ ಮಾಡಿದ ಇನ್ನೊಂದು ತುಂಡು ಇಂದು ಆ ಹುಡುಗನ ಅಂಗಡಿಯಲ್ಲಿದೆ. ಹುಡುಗನೆಂದೆ, ಅವನಿಗೀಗ ಕೂದಲು ನರೆತಿದೆ. ಹುಬ್ಬಿನ ಗೆರೆ ಹಾಗೆಯೇ ಇದೆ. ಮುರಿದ ತುಂಡನ್ನು ನಾನು ಇಟ್ಟುಕೊಂಡಿದ್ದೇನೆ.